ಆ ಪಾಯಿಂಟ್ ನಾಲ್ಕು ಯಾರು?

ಆರು ವರ್ಷದ ಹುಡುಗಿಯೊಬ್ಬಳು ಇವತ್ತು ಶಾಲೆಗೆ ಸೇರಿದರೆ ಒಟ್ಟು ಎಷ್ಟು ವರ್ಷ ಓದಬಹುದು? ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯಲ್ಲಿ ದೇಶಕ್ಕೊಂದರಂತೆ ಇದಕ್ಕೆ ಅಂಕಿ ಇರುತ್ತೆ. ‘ನಿರೀಕ್ಷಿತ ಶಾಲಾ ವರ್ಷಗಳು’ ಅಂತ ಹೆಸರು, ಕಾಲೇಜೂ ಅದರಲ್ಲೇ ಸೇರಿದೆ. ಭಾರತದ್ದು ಈಗ ಸುಮಾರು 13 ವರ್ಷ. 1990ರಲ್ಲಿ ಬರೀ 8.2 ಇತ್ತು. ಪಕ್ಕದ ಶ್ರೀಲಂಕಾದ್ದೂ 13ರ ಮೇಲೆ. ಹುಡುಗ-ಹುಡುಗಿಯರ ನಡುವೆ ನಮ್ಮಲ್ಲಿ ಈಗ ಅಂತರ ಹೆಚ್ಚೇನಿಲ್ಲ, ಅಲ್ಲಿ ಹುಡುಗಿಯರೇ ಒಂಚೂರು ಮುಂದೆ.

ಪರವಾಗಿಲ್ವೇ, ಹೆಚ್ಚುಕಮ್ಮಿ ಸಮ ಆಯ್ತಲ್ಲ ಅನ್ನಿಸಿತು ನನಗೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಇದೆ. 25 ದಾಟಿದವರು ನಿಜವಾಗಿ ಎಷ್ಟು ವರ್ಷ ಓದಿದ್ದಾರೆ ಅನ್ನೋ ಸರಾಸರಿ ಅದು. ಶ್ರೀಲಂಕಾದಲ್ಲಿ ಸುಮಾರು 11, ನಮ್ಮಲ್ಲಿ 7ರ ಆಸುಪಾಸು. ಹೆಂಗಸರದ್ದಷ್ಟೇ ತಗೊಂಡರೆ ನಮ್ಮದು ಇನ್ನೂ ಕೆಳಗೆ. ಅಂದರೆ ಎರಡು ದೇಶಗಳ ಅಂತರ ಮಕ್ಕಳಲ್ಲಿಲ್ಲ, ಅಮ್ಮ-ಅಜ್ಜಿಯರಲ್ಲಿದೆ.

ನಮ್ಮ ಟೀಮಿನಲ್ಲಿ ಕೊಲಂಬೋದಿಂದ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ಅವಳ ಅಜ್ಜಿ ಹಳ್ಳಿಯವರೇ, ಆದರೂ ಹತ್ತನೇ ಕ್ಲಾಸಿನವರೆಗೆ ಓದಿದವರು. ದಿನಾ ಪೇಪರ್ ಓದ್ತಿದ್ದರಂತೆ, ಅಂಗಡಿ ಲೆಕ್ಕ ತಾವೇ ನೋಡ್ತಿದ್ದರಂತೆ. ನಮ್ಮಜ್ಜಿ ಕೊನೇತನಕ ಹೆಬ್ಬೆಟ್ಟು ಒತ್ತಿದರು. ನಮ್ಮಮ್ಮನದು ಏಳನೇ ಕ್ಲಾಸು. ಹೈಸ್ಕೂಲು ಪಕ್ಕದೂರಲ್ಲಿತ್ತು, ಅಷ್ಟು ದೂರ ಕಳಿಸಲಿಲ್ಲ.

ಅವರ ಕಡೆ ಹೀಗಾಗಿದ್ದು ತಾನಾಗಿ ಅಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ, 1945ರಲ್ಲಿ, ಸಿ.ಡಬ್ಲ್ಯೂ.ಡಬ್ಲ್ಯೂ. ಕನ್ನಂಗರ ಅವರ ಮುಂದಾಳತ್ವದಲ್ಲಿ ಶಿಕ್ಷಣ ಉಚಿತವಾಯಿತು, ವಿಶ್ವವಿದ್ಯಾಲಯದವರೆಗೂ. ಪಟ್ಟಣದಿಂದಾಚೆಗೂ ‘ಸೆಂಟ್ರಲ್ ಸ್ಕೂಲ್’ಗಳು ಬಂದವು. ಆಮೇಲೆ ಪಠ್ಯಪುಸ್ತಕ, ಯೂನಿಫಾರ್ಮ್ ಬಟ್ಟೆ ಕೂಡ ಸರ್ಕಾರದ್ದೇ. ಇತ್ತ 1951ರ ಜನಗಣತಿಯಲ್ಲಿ ನಮ್ಮ ಮಹಿಳೆಯರ ಸಾಕ್ಷರತೆ ಶೇ. 9ನ್ನೂ ಮುಟ್ಟಿರಲಿಲ್ಲ. 6ರಿಂದ 14 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಡುವ ಕಾಯ್ದೆ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ.

ಹೋಗಲಿ, ಈಗ 13 ವರ್ಷ ಅಂತಿದೆಯಲ್ಲ, ಸಾಕಲ್ವಾ? ಈ 13 ಹೇಗೆ ಬರುತ್ತೆ ನೋಡಿ. ಒಂದೊಂದು ವಯಸ್ಸಿನಲ್ಲೂ ನೂರಕ್ಕೆ ಎಷ್ಟು ಮಕ್ಕಳು ಕ್ಲಾಸಿನಲ್ಲಿದ್ದಾರೆ ಅಂತ ನೋಡಿ ಕೂಡಿಸ್ತಾರೆ. ಏಳನೇ ವಯಸ್ಸಲ್ಲಿ ನೂರಕ್ಕೆ ನೂರು ಇದ್ದರೆ ಒಂದು ವರ್ಷ. ಹದಿನಾರರಲ್ಲಿ ಅರವತ್ತೇ ಜನ ಇದ್ದರೆ 0.6 ವರ್ಷ. ಇದು ಬರೀ ಉದಾಹರಣೆ. ಆದರೆ ಉಳಿದ ಪಾಯಿಂಟ್ ನಾಲ್ಕು ಅಂದರೆ ನಲವತ್ತು ಮಕ್ಕಳು ಮನೇಲಿದ್ದಾರೆ ಅಂತ. ಇವತ್ತಿನ ದಾಖಲಾತಿ ಹೀಗೇ ಮುಂದುವರಿದರೆ ಮಾತ್ರ ಆರು ವರ್ಷದವಳಿಗೆ ಆ 13 ಸಿಗೋದು.

ಆ ನಲವತ್ತರಲ್ಲಿ ಒಬ್ಬಳಾಗುವ ಅಂಚಿನಲ್ಲಿರೋ ಹುಡುಗಿ ನನಗೆ ಗೊತ್ತು. ರಾಯಚೂರು ಜಿಲ್ಲೆಯಲ್ಲಿರೋ ನನ್ನ ಚಿಕ್ಕಮ್ಮನ ಮಗಳು. ಎಸ್ಸೆಸ್ಸೆಲ್ಸಿಯಲ್ಲಿ ಶೇ. 78. ಪಿಯು ಕಾಲೇಜು 16 ಕಿಲೋಮೀಟರ್ ದೂರ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೇನೋ ಫ್ರೀ. ಆದರೆ ಚಿಕ್ಕಪ್ಪನ ಪ್ರಶ್ನೆ ಟಿಕೆಟ್ಟಿನದಲ್ಲ: “ಸಂಜಿ ಬಸ್ ತಪ್ಪಿದ್ರ ಯಾರು ಜವಾಬ್ದಾರಿ?” ಆಗಲೇ ಒಂದು ಸಂಬಂಧ ಬಂದಿದೆ. ಹದಿನೆಂಟಾಗೋವರೆಗೂ ಕಾಯ್ತಾರಂತೆ. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಅಲ್ಲಿವರೆಗೆ ಅವಳು ಮನೇಲಿ ಕೂತು ಏನು ಮಾಡಬೇಕು ಅಂತ ಯಾರೂ ಕೇಳ್ತಿಲ್ಲ.

ಶ್ರೀಲಂಕಾದಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರೇ ಹೆಚ್ಚು, ಆದರೂ ಉದ್ಯೋಗದ ಲೆಕ್ಕಕ್ಕೆ ಬರೋದು ಮೂವರು ಹೆಂಗಸರಲ್ಲಿ ಸುಮಾರು ಒಬ್ಬರು. 2022ರ ಬಿಕ್ಕಟ್ಟಿನಲ್ಲಿ ಕಾಗದವಿಲ್ಲದೆ ಪರೀಕ್ಷೆ ಮುಂದೂಡಿದರು, ಪೆಟ್ರೋಲ್-ಡೀಸೆಲ್ ಇಲ್ಲದೆ ಶಾಲೆ ಮುಚ್ಚಿದರು. ಆದರೆ ನನ್ನ ಗೆಳತಿ ಹೇಳೋದು ಕೇಳಿ: “ನಮ್ಮನೇಲಿ ಹುಡುಗಿ ಓದಬೇಕಾ ಅನ್ನೋ ಚರ್ಚೆ ನನಗೆ ನೆನಪೇ ಇಲ್ಲ. ಯಾವ ಸಬ್ಜೆಕ್ಟ್ ಅನ್ನೋ ಜಗಳ ಮಾತ್ರ.” ಅಜ್ಜಿ ಓದಿದ ಮನೇಲಿ ಆ ಮೊದಲ ಪ್ರಶ್ನೆ ಯಾವಾಗಲೋ ಮುಗಿದಿರುತ್ತೆ. ನಮ್ಮಲ್ಲಿ ಅದನ್ನು ಪ್ರತಿ ಹುಡುಗಿಯ ಪರವಾಗಿ ಹೊಸದಾಗಿ ವಾದಿಸಿ ಗೆಲ್ಲಬೇಕು.

ಈ ಸಲ ವಾದಕ್ಕಿಳಿದದ್ದು ಏಳನೇ ಕ್ಲಾಸಿನ ನಮ್ಮಮ್ಮ. ಚಿಕ್ಕಪ್ಪನಿಗೆ ಫೋನ್ ಮಾಡಿ, “ಬಸ್ಸಿನ ಚಿಂತಿ ಬಿಡು, ಹಾಸ್ಟೆಲ್‌ಗೆ ಹಾಕೋಣ” ಅಂದರು. ತಾಲ್ಲೂಕು ಕೇಂದ್ರದಲ್ಲಿ ಮೆಟ್ರಿಕ್ ನಂತರದ ಬಾಲಕಿಯರ ಸರ್ಕಾರಿ ಹಾಸ್ಟೆಲ್ ಇದೆ. ಜಾತಿ, ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿಸಿ ನಾನೇ ಅರ್ಜಿ ಹಾಕಿದೆ. ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ. ಚಿಕ್ಕಪ್ಪ “ನೋಡೋಣು” ಅಂದಿದ್ದಾರೆ, ಬೇಡ ಅಂದಿಲ್ಲ.

ನಿಮ್ಮ ಬಳಗದಲ್ಲೂ ಈ ವರ್ಷ ಹತ್ತನೇ ಕ್ಲಾಸು ಮುಗಿಸಿದ ಹುಡುಗಿ ಇದ್ದರೆ, ಮಾರ್ಕ್ಸ್ ಎಷ್ಟು ಅಂತ ಕೇಳಿ ಫೋನ್ ಇಡಬೇಡಿ. ಕಾಲೇಜು ಎಷ್ಟು ದೂರ, ಸಂಜೆ ಬಸ್ಸು ಎಷ್ಟು ಹೊತ್ತಿಗೆ ಅಂತಾನೂ ಕೇಳಿ.