ದೊಡ್ಡಪ್ಪನ ಗುಂಡಿನ ಮಾಲೆ

ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾವು ನಾಲ್ಕು ವರ್ಷ ಎರ್ನಾಕುಲಂನಲ್ಲಿ ಸಂಸಾರ ಹೂಡಿದ್ದೆವು. 1986ರ ಡಿಸೆಂಬರಿನಲ್ಲಿ, ನೌಕಾದಿನದ ಆಸುಪಾಸಿನಲ್ಲಿ, ಕೊಚ್ಚಿಯ ನೌಕಾನೆಲೆಯ ಹಡಗು ನೋಡಲು ಮಕ್ಕಳೊಡನೆ ಹೋದೆವು. ಮೇಲಟ್ಟದಲ್ಲೊಂದು ಮೆಷಿನ್ ಗನ್ನು. ಅದರ ಪಕ್ಕಕ್ಕೆ ಅಣಕು ಗುಂಡುಗಳ ಸರ ಇಳಿಬಿದ್ದಿತ್ತು. "ಗುಂಡು ಮುಗಿದ ಮೇಲೆ ಈ ಬೆಲ್ಟು ಎಲ್ಲಿಗೆ ಹೋಗುತ್ತೆ?" ಎಂದು ಮಗ ಕೇಳಿದ. ನಾವಿಕ ಹಿಂದಿಯಲ್ಲಿ, "ಬೆಲ್ಟೇ ಉಳಿಯುವುದಿಲ್ಲ, ಮರಿ" ಎಂದ. ಹಿಂದಿನಿಂದ ಸಾಲು ತಳ್ಳುತ್ತಿತ್ತು. ಒಗಟನ್ನು ಹೊತ್ತುಕೊಂಡೇ ಮನೆಗೆ ಬಂದೆವು.

ಕ್ರಿಸ್‌ಮಸ್ ರಜೆಗೆ ತಿರುವನಂತಪುರದ ದೊಡ್ಡಪ್ಪನ ಮನೆಗೆ ಹೋದೆವು. ಪಾಂಗೋಡಿನ ದಂಡಿನಲ್ಲಿ ಕೊನೆಯ ನೌಕರಿ ಮುಗಿಸಿ ಅವರು ಅಲ್ಲೇ ನಿಂತುಬಿಟ್ಟಿದ್ದರು. ಸೈನ್ಯದ ಮಾತೆತ್ತಿದರೆ ಎದ್ದು ಹೋಗುವ ಮನುಷ್ಯ. ಆದರೆ ಮೊಮ್ಮಗನ ಪ್ರಶ್ನೆಗೆ ಮಾತ್ರ ಎದ್ದು ಹೋಗಲಿಲ್ಲ. ಚಾಲೆ ಬಜಾರಿನಿಂದ ತಂದ ಮಲ್ಲಿಗೆಯನ್ನು ದೊಡ್ಡಮ್ಮ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ದೊಡ್ಡಪ್ಪ ಒಂದು ಮೊಳ ಎತ್ತಿಕೊಂಡರು.

"ನಮ್ಮ ಕಾಲದ ವಿಕರ್ಸ್ ಗನ್ನಿನ ಬೆಲ್ಟು ಹೀಗೆ. ದಪ್ಪ ಕ್ಯಾನ್‌ವಾಸ್ ಬಟ್ಟೆ, ನಡುನಡುವೆ ಹಿತ್ತಾಳೆ ಪಟ್ಟಿ, 250 ಗೂಡು. ಗನ್ನು ಹಿಮ್ಮೆಟ್ಟಿದಾಗಲೆಲ್ಲ ಬೆಲ್ಟು ಒಂದು ಗೂಡಿನಷ್ಟು ಮುಂದೆ ಸರಿಯುತ್ತೆ. ಒಳಗಿನ ಕೊಕ್ಕೆ ಕಾಡತೂಸಿನ ಹಿಂಬದಿಯ ಅಂಚು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತೆ, ಕೆಳಕ್ಕಿಳಿಸಿ ನಳಿಗೆಗೆ ತಳ್ಳುತ್ತೆ. ಹೂವೆಲ್ಲ ಉದುರಿದ ನಾರಿನ ಹಾಗೆ ಖಾಲಿ ಬಟ್ಟೆ ಎಡಗಡೆಗೆ ಬರುತ್ತೆ." ಅರ್ಧ ನಿಮಿಷದಲ್ಲಿ ಮುಗಿಯುವ ಆ 250 ಗುಂಡನ್ನು ಕೈಯಿಂದ ತುಂಬಿದರೆ ಹೆಬ್ಬೆರಳು ಬಾತುಕೊಳ್ಳುತ್ತಿತ್ತಂತೆ.

"ಹಡಗಿನದು?" ಎಂದ ಮಗ.

ದೊಡ್ಡಪ್ಪ ಬಾಗಿಲ ಹತ್ತಿರ ಹೋಗಿ ಹಿಂಜಿನ ಮೇಲೆ ಬೆರಳಿಟ್ಟರು. "ಈ ನಡುವಿನ ಕಡ್ಡಿ ತೆಗೆದರೆ ಎರಡು ರೆಕ್ಕೆಯೂ ಬೇರೆ ಅಲ್ಲವೇ? ಅಲ್ಲಿ ಕಾಡತೂಸೇ ಕಡ್ಡಿ. ಒಂದು ಉಕ್ಕಿನ ಕೊಂಡಿಗೂ ಮುಂದಿನದಕ್ಕೂ ಅದೇ ಕೀಲು. ಗನ್ನು ಅದನ್ನು ಮುಂದಕ್ಕೆ ತಳ್ಳಿತೋ, ಕೊಂಡಿ ಬಿಡಿಯಾಗಿ ಬೀಳುತ್ತೆ."

ಹಿರಾಮ್ ಮ್ಯಾಕ್ಸಿಮ್ 1884ರಲ್ಲಿ ತೋರಿಸಿದ ಯಂತ್ರದಿಂದ ಹಿಡಿದು ವಿಕರ್ಸ್‌ವರೆಗೆ ಬಟ್ಟೆಯ ಬೆಲ್ಟೇ ನಡೆದುಬಂದಿತ್ತು. ಈಗ ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗುವ ಬೆಲ್ಜಿಯಂ ಮೂಲದ 7.62 ಮಿಲಿಮೀಟರ್ ಗನ್ನಿಗೆ ಉಕ್ಕಿನ ಕೊಂಡಿ. ಇಷ್ಟನ್ನು ನಾವು ಆಮೇಲೆ ಓದಿ ತಿಳಿದೆವು. ಬಟ್ಟೆ ಬಿಟ್ಟು ಉಕ್ಕಿಗೆ ಹೋದದ್ದೇಕೆ ಎಂಬುದು ಮಾತ್ರ ಅಂದು ರಾತ್ರಿ, ಮಕ್ಕಳು ಮಲಗಿದ ಮೇಲೆ, ಜಗಲಿಯಲ್ಲಿ ತಿಳಿಯಿತು.

ವಿಕರ್ಸ್‌ನಲ್ಲಿ ಕುದುರೆ ಒತ್ತುವವನು ಒಬ್ಬ. ಬಲಗಡೆ ಮಲಗಿ, ಬೆಲ್ಟು ತಿರುಚದಂತೆ ಅಂಗೈ ಮೇಲೆ ಹಾಯಿಸುವವನು ಇನ್ನೊಬ್ಬ. ದೊಡ್ಡಪ್ಪ ಆ ಇನ್ನೊಬ್ಬರು. 1962ರ ನವೆಂಬರ್, ಈಶಾನ್ಯದ ಗಡಿ.

"ಬಟ್ಟೆ ನೆನೆದರೆ ಬಿಗಿಯುತ್ತೆ, ಗುಂಡು ಬಿಡೋದಿಲ್ಲ. ಒಣಗಿಸಿ ಇಡೋದು ನನ್ನ ಕೆಲಸ. ಮೂರು ಬೆಲ್ಟು ಕೋಟಿನೊಳಗೆ ಇಟ್ಟುಕೊಂಡು ಮಲಗಿದ್ದೆ. ನಾಲ್ಕನೆಯದಕ್ಕೆ ಜಾಗ ಇರಲಿಲ್ಲ, ಹೊರಗೇ ಇತ್ತು. ಬೆಳಗಿನ ಜಾವ ಮೂರೂ ಮುಗಿದವು. ನಾಲ್ಕನೆಯದು ಹತ್ತು ಗುಂಡಿಗೆ ನಿಂತಿತು. ಅವನು ಬಿಡಿಸೋಕೆ ತಲೆ ಎತ್ತಿದ."

ಅವನು ಯಾವ ಊರಿನವನೆಂದು ನಾವು ಕೇಳಲಿಲ್ಲ. ದೊಡ್ಡಮ್ಮ ಒಳಗಿನಿಂದ ಬಂದು ಹಾಲಿನ ಲೋಟ ಇಟ್ಟುಹೋದರು. ಇಪ್ಪತ್ತು ವರ್ಷ ಜೊತೆಗಿದ್ದ ತಾವೂ ಇದನ್ನು ಕೇಳಿದ್ದು ಅಂದೇ ಎಂದು ಮರುದಿನ ಹೇಳಿದರು.

ಮುಂದಿನ ಜೂನಿನಲ್ಲಿ ದೊಡ್ಡಪ್ಪ ಕೊಚ್ಚಿಗೆ ಬಂದರು. ಫೋರ್ಟ್ ಕೊಚ್ಚಿಯಲ್ಲಿ ನೌಕಾಪಡೆಯ ಫಿರಂಗಿ ವಿದ್ಯೆ ಕಲಿಸುವ ಐಎನ್ಎಸ್ ದ್ರೋಣಾಚಾರ್ಯದ ಮುಂದೆ ಹಾದುಹೋದಾಗ ಆ ಕಡೆ ತಿರುಗಿ ನೋಡಲಿಲ್ಲ. ಚೀನೀ ಬಲೆಗಳ ಹತ್ತಿರ ಮಾತ್ರ ಬಹಳ ಹೊತ್ತು ನಿಂತರು. ಕೇರಳದ ಮಳೆ ತಮಗೆ ಗೊತ್ತೇ ಇದೆ. ಮಕ್ಕಳ ಶಾಲೆಯ ಬಟ್ಟೆ ಮೂರು ದಿನವಾದರೂ ಹಗ್ಗದ ಮೇಲೇ. ರಾತ್ರಿ ಎಚ್ಚರವಾಗಿ ನೋಡಿದರೆ ದೊಡ್ಡಪ್ಪ ಪಡಸಾಲೆಯಲ್ಲಿ ದೀಪವಿಲ್ಲದೆ ನಿಂತು, ಒಂದೊಂದು ಬಟ್ಟೆಯ ಅಂಚನ್ನೂ ಬೆರಳಲ್ಲಿ ಹಿಸುಕಿ ನೋಡುತ್ತಿದ್ದರು.

"ಒಣಗಿಲ್ಲ ಕಣ್ರೋ," ಎಂದು ಇಸ್ತ್ರಿಪೆಟ್ಟಿಗೆ ಕೇಳಿದರು.