ಹೂವಿನ ಅಂಗಡಿಯ ಬಾಗಿಲು

ಹೂವಾಡಿಗನು ತನ್ನ ಬುಟ್ಟಿಯ ಮಾಲೆಯು ಎಲ್ಲಿಗೆ ಹೋಗುವುದೆಂದು ಕೇಳುವುದಿಲ್ಲ. ಒಂದು ದೇವರ ಕೊರಳಿಗೆ, ಒಂದು ಮದುವಣಗಿತ್ತಿಯ ಮುಡಿಗೆ, ಮತ್ತೊಂದು ಚಟ್ಟದ ಮೇಲಣ ಹೆಣಕ್ಕೆ. ಮೂರಕ್ಕೂ ಮೊಳ ಹಾಕುವ ಕೈ ಒಂದೇ. ಲೋಕದ ಈ ಹಳೆಯ ರೂಢಿಯು ಎಷ್ಟು ಸಹಜವಾದುದೆಂದರೆ, ಅದು ಮುರಿದ ದಿನದ ಹೊರತು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದ ಪಡುವಣ ಕರಾವಳಿಯ ವಾಷಿಂಗ್ಟನ್ ಸಂಸ್ಥಾನದಲ್ಲಿರುವ ರಿಚ್‌ಲೆಂಡ್ ಎಂಬ ಊರಿನಲ್ಲಿ ಅದು 2013ರಲ್ಲಿ ಮುರಿಯಿತು. ಅಲ್ಲಿಯ ಗೃಹಸ್ಥನೊಬ್ಬನು ಸುಮಾರು ಒಂಬತ್ತು ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಹೂವು ಕೊಳ್ಳುತ್ತಿದ್ದನು. ಆತನ ಬಾಳಸಂಗಾತಿಯೂ ಪುರುಷನೇ ಎಂಬುದು ಅಂಗಡಿಯ ಒಡತಿಗೆ ತಿಳಿದೇ ಇದ್ದಿತು. ಆ ಸಂಗಾತಿಗೆಂದೇ ಆಕೆ ಹೂವು ಕಟ್ಟಿಕೊಟ್ಟುದೂ ಉಂಟು. 2012ರಲ್ಲಿ ಸಂಸ್ಥಾನದ ಮತದಾರರು ಸಲಿಂಗ ವಿವಾಹಕ್ಕೆ ಸಮ್ಮತಿಯಿತ್ತ ಮೇಲೆ ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ಮದುವೆಯ ಹೂವನ್ನು ಕೇಳಲು ಆತನು ಎಂದಿನ ಅಂಗಡಿಗೇ ಹೋದನು. ಒಡತಿಯು ಆತನ ಕೈಯನ್ನು ಹಿಡಿದುಕೊಂಡು, ಏಸುಕ್ರಿಸ್ತನಲ್ಲಿ ತನಗಿರುವ ಭಕ್ತಿಯ ಕಾರಣ ಈ ಕೆಲಸ ತನ್ನಿಂದಾಗದೆಂದು ಹೇಳಿ, ಬೇರೆ ಹೂವಾಡಿಗರ ಹೆಸರನ್ನು ಸೂಚಿಸಿದಳು. ಬೈಗುಳವಿರಲಿಲ್ಲ, ಮುಖ ತಿರುವಿದುದೂ ಇರಲಿಲ್ಲ. ಆದುದರಿಂದಲೇ ಈ ಪ್ರಸಂಗವು ವಿಚಾರಕ್ಕೆ ಅರ್ಹವಾಗಿದೆ. ದ್ವೇಷಕ್ಕೆ ಉತ್ತರ ಹೇಳುವುದು ಸುಲಭ. ಕೈ ಹಿಡಿದು ಇಲ್ಲವೆಂದವರಿಗೆ ಏನೆಂದು ಉತ್ತರ ಹೇಳತಕ್ಕದ್ದು?

ಮದುವೆಗೆ ಹೂವು ಕಟ್ಟುವುದೆಂದರೆ ಆ ಮದುವೆಯಲ್ಲಿ ಪಾಲುಗೊಂಡಂತೆ. ಬಲಾತ್ಕಾರದಿಂದ ಹಾಗೆ ಮಾಡಿಸಿದರೆ ಧಾರ್ಮಿಕ ಸ್ವಾತಂತ್ರ್ಯವೆಲ್ಲಿ ಉಳಿಯಿತು? ಆಕೆಯ ವಾದವಿದು. ನಕ್ಕು ತಳ್ಳಿಹಾಕುವಂಥ ಮಾತಲ್ಲ. ಆ ದೇಶದಲ್ಲಿ ಈ ಸ್ವಾತಂತ್ರ್ಯದ ಶಾಸನವು ಹುಟ್ಟಿದುದೇ ದುರ್ಬಲರ ರಕ್ಷಣೆಗಾಗಿ. ಆರೆಗನ್ ಸಂಸ್ಥಾನದಲ್ಲಿ ಮೂಲನಿವಾಸಿಗಳ ಚರ್ಚಿಗೆ ಸೇರಿದ ಇಬ್ಬರು, ಪೂಜಾಕಾಲದಲ್ಲಿ ಪೆಯೋಟಿಯೆಂಬ ಮಾದಕವಾದ ಕಳ್ಳಿಯನ್ನು ಪ್ರಸಾದವಾಗಿ ಸೇವಿಸಿದ ಕಾರಣ ಕೆಲಸವನ್ನು ಕಳೆದುಕೊಂಡರು. ನಿರುದ್ಯೋಗ ಭತ್ಯೆಯೂ ಅವರಿಗೆ ದೊರೆಯಲಿಲ್ಲ. ಎಲ್ಲರಿಗೂ ಸಮಾನವಾದ ಕಾಯಿದೆಯು ಒಬ್ಬರ ಶ್ರದ್ಧೆಗಾಗಿ ಬಾಗಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪಿತ್ತಿತು. ಇದರಿಂದ ಸಕಲ ಮತಗಳವರೂ ಕಳವಳಗೊಂಡರು. 1993ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯಿದೆಯು ಹುಟ್ಟಿತು. ಸೆನೆಟ್ಟಿನಲ್ಲಿ ಅದಕ್ಕೆ 97 ಮತಗಳು ಅನುಕೂಲವಾಗಿಯೂ 3 ಮತಗಳು ಪ್ರತಿಕೂಲವಾಗಿಯೂ ಬಿದ್ದುವು. ಅತ್ಯಗತ್ಯವಾದ ಲೋಕಹಿತವಿದ್ದು, ಅದನ್ನು ಸಾಧಿಸಲು ಅದಕ್ಕಿಂತ ಸೌಮ್ಯವಾದ ಮಾರ್ಗವಿಲ್ಲದ ಹೊರತು, ಸರಕಾರವು ಯಾರ ಧರ್ಮಾಚರಣೆಯ ಮೇಲೂ ಗುರುತರವಾದ ಹೊರೆಯನ್ನು ಹೊರಿಸಕೂಡದೆಂಬುದು ಅದರ ಸಾರ. ಅದು ಸಂಸ್ಥಾನಗಳ ಸರಕಾರಗಳಿಗೆ ಅನ್ವಯಿಸದೆಂದು 1997ರಲ್ಲಿ ತೀರ್ಮಾನವಾದುದರಿಂದ, ಅನೇಕ ಸಂಸ್ಥಾನಗಳು ಅದೇ ಮಾದರಿಯ ಶಾಸನಗಳನ್ನು ತಾವೇ ರಚಿಸಿಕೊಂಡುವು.

ಬೇಲಿಯನ್ನು ಹಾಕಿದುದು ಹೊಲವನ್ನು ಕಾಯುವುದಕ್ಕೆ. ಆದರೆ ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟೆಂದು ನಮ್ಮ ಹಿರಿಯರು ಹೇಳಿದ್ದಾರೆ. 2015ರ ಮಾರ್ಚಿಯಲ್ಲಿ ಇಂಡಿಯಾನಾ ಸಂಸ್ಥಾನವು ಮಾಡಿದ ಶಾಸನದಲ್ಲಿ, ಸರಕಾರವು ಕಕ್ಷಿಯಾಗಿರದ ಖಾಸಗಿ ವ್ಯಾಜ್ಯದಲ್ಲಿಯೂ, ವ್ಯಾಪಾರದ ಸಂಸ್ಥೆಗಳು ಸಹ, ಧರ್ಮವನ್ನು ಗುರಾಣಿಯಾಗಿ ಹಿಡಿಯಬಹುದಾಗಿದ್ದಿತು. ಸಲಿಂಗ ದಂಪತಿಗಳನ್ನು ಅಂಗಡಿಯಿಂದ ಹೊರಗಟ್ಟಲು ಇದು ಪರವಾನಗಿಯಾದೀತೆಂದು ದೇಶದಲ್ಲೆಲ್ಲಾ ಕೂಗೆದ್ದಿತು. ವಾರದೊಳಗಾಗಿ ಶಾಸನವನ್ನು ತಿದ್ದಿ, ಸರಕು, ಸೇವೆ, ವಸತಿ, ಉದ್ಯೋಗಗಳನ್ನು ನಿರಾಕರಿಸಲು ಅದನ್ನು ಬಳಸಕೂಡದೆಂದು ಸೇರಿಸಬೇಕಾಯಿತು. ಸರಕಾರದ ಬಲಾತ್ಕಾರದಿಂದ ಭಕ್ತನನ್ನು ಕಾಯುವುದಕ್ಕೂ, ನೆರೆಯವನನ್ನು ಹೊಸ್ತಿಲಿನಿಂದ ಹಿಂದಟ್ಟುವುದಕ್ಕೂ ಅಂತರವಿದೆಯೆಂಬುದು ಆ ಒಂದು ವಾರದಲ್ಲಿ ಸ್ಪಷ್ಟವಾಯಿತು.

ಈ ವಾದವು ಹೊಸದೂ ಅಲ್ಲ. ದಕ್ಷಿಣ ಕೆರೊಲೈನಾದ ಉಪಾಹಾರಗೃಹಗಳ ಮಾಲಿಕನೊಬ್ಬನು, ಕಪ್ಪುವರ್ಣೀಯರನ್ನು ಬಿಳಿಯರೊಡನೆ ಕೂರಿಸಿ ಉಣಬಡಿಸುವುದು ದೈವೇಚ್ಛೆಗೆ ವಿರುದ್ಧವೆಂದು ವಾದಿಸಿದ್ದನು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಹುರುಳಿಲ್ಲದ ಮಾತೆಂದು ತಳ್ಳಿಹಾಕಿತು. ಹೋಟಲಿನ ಬಾಗಿಲಲ್ಲಿ ಜಾತಿ ಕೇಳುತ್ತಿದ್ದ ಕಾಲವನ್ನು ಕಂಡ ನಾಡಿನ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗಲೂ ಬಾಗಿಲಲ್ಲಿ ನಿಂತವನು ಹೇಳುತ್ತಿದ್ದುದು ಧರ್ಮದ ಹೆಸರನ್ನೇ.

ಹೂವಾಡಗಿತ್ತಿಯ ನಿಷ್ಠೆಯು ನಿಜವಾದುದೆಂದೇ ಇಟ್ಟುಕೊಳ್ಳೋಣ. ಆದರೆ ಮುಸಲ್ಮಾನರ ಮದುವೆಗಾಗಲಿ ನಾಸ್ತಿಕರ ಮದುವೆಗಾಗಲಿ ಹೂವು ಕೊಟ್ಟ ಮಾತ್ರಕ್ಕೆ ಆ ಮತಗಳನ್ನು ಒಪ್ಪಿದಂತಾಗದೆಂದು ಆಕೆಯೇ ವಿಚಾರಣೆಯಲ್ಲಿ ಅಂಗೀಕರಿಸಿದಳು. ಹಾಗಾದರೆ ಈ ಒಂದು ಮದುವೆಗೆ ಮಾತ್ರ ಹೂವು ಸಾಕ್ಷಿಯಾಗುವುದೇಕೆ? ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿಯೂ, ಪುನರ್ವಿಚಾರಣೆಯಾದ 2019ರಲ್ಲಿಯೂ ಏಕಮತದಿಂದ ಆಕೆಗೆ ವಿರುದ್ಧವಾಗಿ ತೀರ್ಪಿತ್ತಿತು. 2021ರಲ್ಲಿ ಆಕೆ 5,000 ಡಾಲರು ತೆತ್ತು ವ್ಯಾಜ್ಯವನ್ನು ಮುಗಿಸಿದಳು. ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಮದುವೆಯ ಜಾಲತಾಣಗಳನ್ನು ರಚಿಸಬೇಕೆಂದಿದ್ದ ಕೊಲೊರಾಡೊದ ಒಬ್ಬಾಕೆಯ ಪಕ್ಷವನ್ನು ದೇಶದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ, ಧರ್ಮದ ಬದಲು ವಾಕ್‌ಸ್ವಾತಂತ್ರ್ಯದ ಆಧಾರದಿಂದ, 6-3 ಮತಗಳಿಂದ ಎತ್ತಿಹಿಡಿಯಿತು. ಇಂಥ ಒಂದು ಕೆಲಸವು ಎಲ್ಲಿ ಸರಕು, ಎಲ್ಲಿ ಮಾತು ಎಂಬ ತರ್ಕವು ಇನ್ನೂ ನಡೆಯುತ್ತಲಿದೆ.

‘ಬೇರೆ ಅಂಗಡಿಗಳು ಇದ್ದುವಲ್ಲ?’ ಎಂದು ಕೆಲವರು ಕೇಳುವರು. ಇದ್ದುವು, ನಿಜ. ಆದರೆ ಆ ಇಬ್ಬರೂ ಸುಮಾರು ನೂರು ಮಂದಿ ಅತಿಥಿಗಳ ದೊಡ್ಡ ಮದುವೆಯನ್ನು ಯೋಚಿಸಿದ್ದವರು, ಇತರ ವ್ಯಾಪಾರಿಗಳೂ ಇಲ್ಲವೆಂದಾರೆಂಬ ಅಂಜಿಕೆಯಿಂದ ಆ ಯೋಚನೆಯನ್ನೇ ಬಿಟ್ಟರು. ನಿರಾಕರಣೆಯಿಂದ ಕಳೆದುದು ಹೂವಲ್ಲ, ಹೂವು ಎಲ್ಲಿಯೂ ದೊರೆಯುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ಬಾಗಿಲಿನೆದುರಿಗೂ ಒಂದು ಕ್ಷಣ ತಡೆದು ನಿಲ್ಲಬೇಕಾಗುವುದೇ ಅವರಿಗಾದ ನಷ್ಟ. ತನ್ನ ಮನೆಯಲ್ಲಿ, ತನ್ನ ಪ್ರಾರ್ಥನೆಯಲ್ಲಿ, ತನ್ನ ಗುಡಿಯಲ್ಲಿ ಒಬ್ಬನಿಗೆ ಎಷ್ಟು ಸ್ವಾತಂತ್ರ್ಯವಿದ್ದರೂ ಸಾಲದು. ಆದರೆ ಬೀದಿಗೆ ತೆರೆದ ಬಾಗಿಲು ಬೀದಿಯವರೆಲ್ಲರದು.

2013ರ ಜುಲೈಯಲ್ಲಿ ಅವರ ಮದುವೆ ಅವರ ಮನೆಯಲ್ಲಿಯೇ ನಡೆಯಿತು. ಅತಿಥಿಗಳು 11 ಮಂದಿ. ಒಂದು ಹೂಗುಚ್ಛವನ್ನು ಮತ್ತೊಂದು ಅಂಗಡಿಯಿಂದ ತಂದರು. ಅಂಗಿಗೆ ಸಿಕ್ಕಿಸಿಕೊಳ್ಳುವ ಹೂವು ಸ್ನೇಹಿತರೊಬ್ಬರಿಂದ ಬಂದಿತು. ಒಂಬತ್ತು ವರ್ಷ ಅವರಿಗೆ ಹೂವು ಕಟ್ಟಿದ ಕೈ ಅಂದು ಅಲ್ಲಿರಲಿಲ್ಲ.