ಅಪ್ಪನ ಟೇಬಲ್ಲು

ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಿನಿಂದ ಬೆಳೆದ ಊರು ನಮ್ಮ ಭೀಮರಾಯನಗುಡಿ. ಹೋದ ಬೇಸಿಗೆಯಲ್ಲಿ, ಅಪ್ಪ ಬೇವಿನ ಮರದ ಕೆಳಗೆ ಕೂತು ಚಹಾ ಕುಡಿಯಲಿ ಅಂತ ನಾನೇ ಒಂದು ಟೇಬಲ್ ಮಾಡಿದೆ. ಜಾಲಿ ಹಲಗೆಗಳನ್ನ ಒತ್ತೊತ್ತಾಗಿ ಜೋಡಿಸಿದ್ದೆ.

"ತಮ್ಮಾ, ಮಳಿಗಿ ಕಟ್ಟಿಗಿ ಉಬ್ಬತದ, ನಡುವ ಸಂದಿ ಬಿಡು" ಅಂದ್ರು ಪಕ್ಕದ ಮನೆಯ ಬಡಿಗೇರ ಕಾಕಾ. ಸಂದಿ ಅಂದ್ರೆ ಬಗ್ ಅಂದುಕೊಂಡವನು ನಾನು, ಕೇಳಲಿಲ್ಲ.

ಮಳೆಗಾಲವಿಡೀ ಅಪ್ಪ ಫೋನಿನಲ್ಲಿ "ಟೇಬಲ್ ಛಲೋ ಅದ" ಅಂತಿದ್ರು. ದಸರೆಗೆ ಹೋಗಿ ನೋಡಿದ್ರೆ ಹಲಗೆಗಳು ಅಗಲಕ್ಕೆ ಹಿಗ್ಗಿ, ಒಂದನ್ನೊಂದು ತಳ್ಳಿ ಡೊಂಕಾಗಿದ್ವು. ಅಪ್ಪ ಕಪ್ಪು ಜಾರದಂತೆ ಕೈಯಲ್ಲೇ ಹಿಡಿದು ಅಲ್ಲೇ ಕೂತಿದ್ರು!

ಎಲ್ಲಾ ಬಿಚ್ಚಿ, ಸಂದಿ ಬಿಟ್ಟು ಮತ್ತೆ ಜೋಡಿಸಿದೆ. ಈಗ ಮಳೆನೀರೂ ನಿಲ್ಲೋದಿಲ್ಲ.

ಆದ್ರೆ ಅಪ್ಪ "ನಾ ಆರಾಮ ಇದ್ದೀನಿ" ಅಂದಾಗ ಮಾತ್ರ ಎರಡು ಸಲ ಕೇಳ್ತೀನಿ...